ಮಾಡಿದವನ ಪಾಲು

‘ಮಾಡಿದ್ದುಣ್ಣೋ ಮಹರಾಯ’ ಎಂಬ ಮಾತು ನಮ್ಮ ಬಾಯಿಗೆ ಬಲು ಸಲೀಸಾಗಿ ಬರುತ್ತದೆ. ಆದರೆ ಮಾಡಿದವನು ಒಬ್ಬ, ಬಳಸಿದವನು ಇನ್ನೊಬ್ಬನಾದರೆ ಉಣ್ಣಬೇಕಾದವರು ಯಾರು? ಮಿಖಾಯಿಲ್ ಕಲಾಶ್ನಿಕೋವ್ ಎಂಬ ರಷ್ಯನ್ನನ ಬದುಕನ್ನು ನೆನೆದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಆತ 1919ರಲ್ಲಿ ಅಲ್ತಾಯ್ ಸೀಮೆಯ ರೈತರ ಮನೆಯಲ್ಲಿ ಹುಟ್ಟಿದವನು. ಸ್ಟಾಲಿನ್ ಆಳ್ವಿಕೆಯಲ್ಲಿ ಆ ಕುಟುಂಬವನ್ನು ‘ಸಿರಿವಂತ ರೈತರು’ ಎಂದು ಊರು ಬಿಡಿಸಿ ಗಡೀಪಾರು ಮಾಡಲಾಯಿತು. 1941ರಲ್ಲಿ ಬ್ರ್ಯಾನ್ಸ್ಕ್ ಬಳಿಯ ಕಾಳಗದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ ಈ ಟ್ಯಾಂಕ್ ದಳದ ಸೈನಿಕ, ಪಕ್ಕದ ಹಾಸಿಗೆಯವರ ಗೋಳು ಕೇಳುತ್ತ, ತನ್ನವರಿಗೊಂದು ಒಳ್ಳೆಯ ಬಂದೂಕು ಮಾಡಿಕೊಡಬೇಕೆಂದು ನಕ್ಷೆ ಬರೆಯತೊಡಗಿದ. ಮೊದಲ ಪ್ರಯತ್ನ ತಿರಸ್ಕೃತವಾಯಿತು. 1949ರಲ್ಲಿ ಸೋವಿಯತ್ ಸೇನೆ ಆತನ ಎ.ಕೆ. 47 ಅನ್ನು ಸ್ವೀಕರಿಸಿತು.

ಕೆಸರಾಗಲಿ ಮರಳಾಗಲಿ, ಅದು ಸುಲಭಕ್ಕೆ ಕೈಕೊಡದು. ಬಿಡಿಭಾಗಗಳು ಕಡಿಮೆ, ಹೆಚ್ಚು ತರಬೇತಿಯಿಲ್ಲದವನೂ ಬಿಚ್ಚಿ, ಒರೆಸಿ, ಜೋಡಿಸಬಹುದು. ಬಡ ಸಿಪಾಯಿಯ ಮೇಲಿನ ಮರುಕವೇ ಅದರ ಸರಳತೆಯಲ್ಲಿತ್ತು. ಅದೇ ಸರಳತೆಯಿಂದಾಗಿ ಅದು ಆಫ್ರಿಕಾದ ಅಂತರ್ಯುದ್ಧಗಳಲ್ಲಿ ಮಕ್ಕಳ ಕೈಗೂ ಬಂತು. ಮೊಜಾಂಬಿಕ್ ದೇಶದ ಬಾವುಟದ ಮೇಲೆ ಬಿಡುಗಡೆಯ ಹೋರಾಟದ ಗುರುತಾಗಿ ಇರುವುದೂ ಅದೇ ಬಂದೂಕು!

ಬಹುಕಾಲ ಆತ, ತಪ್ಪು ರಾಜಕಾರಣಿಗಳದು, ತನಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ ಎನ್ನುತ್ತಿದ್ದ. 2002ರಲ್ಲಿ ಮಾತ್ರ, ಹುಲ್ಲು ಕತ್ತರಿಸುವ ಯಂತ್ರದಂಥ, ರೈತರಿಗೆ ಒದಗುವ ಏನನ್ನಾದರೂ ಮಾಡಿದ್ದರೆ ಚೆನ್ನಾಗಿತ್ತು ಎಂದ. 2013ರ ಡಿಸೆಂಬರಿನಲ್ಲಿ ತೀರಿಕೊಂಡ ಮರುತಿಂಗಳು, ಆತ ರಷ್ಯದ ಆರ್ಥೊಡಾಕ್ಸ್ ಚರ್ಚಿನ ಧರ್ಮಗುರು ಕಿರಿಲ್ ಅವರಿಗೆ ಬರೆದಿದ್ದ ಪತ್ರ ಬೆಳಕಿಗೆ ಬಂತು. ತನ್ನ ಬಂದೂಕು ಜನರ ಪ್ರಾಣ ತೆಗೆದಿದ್ದರೆ ಆ ಸಾವುಗಳ ಹೊಣೆ ತನ್ನದೂ ಹೌದೇ ಎಂದು ಅದರಲ್ಲಿ ಕೇಳಿದ್ದ. ಆತ ಮಾಡಿದ್ದು ನಾಡಿನ ರಕ್ಷಣೆಗೆ, ಭಯೋತ್ಪಾದಕರಿಗಲ್ಲ ಎಂದು ಚರ್ಚಿನ ವಕ್ತಾರರು ಸಮಾಧಾನ ಹೇಳಿದರು.

ನ್ಯಾಯಾಲಯಕ್ಕೆ ಆ ಉತ್ತರ ಸಾಕು. ಆದರೆ ಆತ ಕೇಳಿದ್ದು ತೀರ್ಪನ್ನಲ್ಲ. ನಕ್ಷೆಯನ್ನು ಮಿತ್ರರಾಷ್ಟ್ರಗಳಿಗೆ ಹಂಚಿದ ಸರ್ಕಾರ, ಲಾಭಕ್ಕೆ ಮಾರಿದ ವ್ಯಾಪಾರಿ, ಗುಂಡು ಹಾರಿಸಿದ ಕೈ — ಇವರ ಪಾಲು ದೊಡ್ಡದು, ನಿಜ. ಆದರೆ ಪಾಪವೇನು ರೊಟ್ಟಿಯೇ, ಉಣ್ಣುವವರು ಹೆಚ್ಚಾದಂತೆ ಒಬ್ಬೊಬ್ಬರ ಪಾಲು ಕಿರಿದಾಗಲು? ಆತ ಅಪರಾಧಿಯೆಂದು ನಾನು ಹೇಳಲಾರೆ. ಆದರೂ ಆ ಸಂಕಟ ಆತನಿಗೆ ಬಾರದೆ ಹೋಗಿದ್ದರೆ ನನಗೆ ಹೆಚ್ಚು ಭಯವಾಗುತ್ತಿತ್ತು. ತೊಂಬತ್ತು ದಾಟಿದ ಆ ಮುದುಕ, ಯಾರೂ ಬಡಿಸದ ಎಲೆಯ ಮುಂದೆ ತಾನಾಗಿಯೇ ಹೋಗಿ ಕುಳಿತ. ಉಳಿದವರು ಇನ್ನೂ ಎದ್ದು ಬಂದಿಲ್ಲ.