ಹದಿನೇಳು ಅಕ್ಷರದ ಸುಖ ನಮಗೆ ಸಲ್ಲುತ್ತದೆಯೇ?

ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ಕೂತು ನಾವು ಹಾಯ್ಕು ಓದುತ್ತೇವೆ ಎಂದರೆ ನಗುವವರೇ ಬಹಳ. ಈ ದಂಡೆ ಮುಂಡರಗಿ ತಾಲೂಕು, ಆಚೆ ದಂಡೆ ಹೂವಿನಹಡಗಲಿ, ನಡುವೆ ತುಂಗಭದ್ರೆ. ಬ್ಯಾಸಗಿ ಬಂತೆಂದರೆ ನೀರಿಗಿಂತ ಮರಳೇ ಹೆಚ್ಚು ಕಾಣುತ್ತದೆ. ಸೇತುವೆ ಮೇಲೆ ಲಾರಿ ಹಾಯ್ದಾಗಲೆಲ್ಲ ಪುಸ್ತಕದ ಹಾಳೆಯ ಮೇಲೆ ಧೂಳು. ಹಿಂಗ ಕೂತಿದ್ದಾಗಲೇ ಚಳವಳಿಯ ಗೆಳೆಯನೊಬ್ಬ ಕೇಳಿದ: "ಮನ್ಯಾಗ ಜ್ವಾಳದ ಚೀಲ ಖಾಲಿ ಅದಾವ, ನಿಮಗ ಜಪಾನಿನ ಕಪ್ಪಿ ಯಾಕ ಬೇಕಾತಲೇ?"

ಈ ಪ್ರಶ್ನೆಯನ್ನು ನಗುತ್ತ ತಳ್ಳಿಹಾಕಲು ನಮಗೆ ಆಗಲಿಲ್ಲ. ಅದನ್ನು ಕೇಳಿದವನು ನಮ್ಮ ಶತ್ರುವಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಕಾವ್ಯವನ್ನು ಖಡ್ಗಕ್ಕೆ ಹೋಲಿಸಿದರು. ನಾವು ಹುಟ್ಟುವ ಮೊದಲಿನ ಮಾತು ಅದು. ಆದರೂ ಅದನ್ನು ಕೂಗುತ್ತಲೇ ನಾವು ಬರೆಯಲು ಕಲಿತೆವು. ಖಡ್ಗದ ಪಕ್ಕ ಇಟ್ಟರೆ ಹಾಯ್ಕು ಎಂಬುದು ಮುರಿದ ಸೂಜಿ. ಮೂರು ಸಾಲು. ಜಪಾನಿನಲ್ಲಿ ಐದು, ಏಳು, ಐದು ಎಂದು ಎಣಿಸುತ್ತಾರೆ. ನಾವು ಕನ್ನಡದಲ್ಲಿ ಹದಿನೇಳು ಅಕ್ಷರ ಎಂದು ಹಿಡಿದಿದ್ದೇವೆ. ನಿಜ ಹೇಳಬೇಕೆಂದರೆ ಅವರ ಎಣಿಕೆ ನಮ್ಮ ಅಕ್ಷರಕ್ಕಿಂತ ಮಾತ್ರೆಗೇ ಹತ್ತಿರ. ಅಲ್ಲಿ ದೀರ್ಘ ಸ್ವರಕ್ಕೆ ಎರಡು ಎಣಿಸುತ್ತಾರೆ. ಹಾಗೆ ಲೆಕ್ಕ ಹಿಡಿದರೆ ಕನ್ನಡದಲ್ಲಿ ನಾಲ್ಕೈದು ಶಬ್ದಕ್ಕೇ ಕವಿತೆ ಮುಗಿದುಹೋಗುತ್ತದೆ. ಛಂದಸ್ಸು ಕಲಿಸುವ ಮಾಸ್ತರರು ಇದನ್ನು ತರಗತಿಯಲ್ಲಿ ಹುಡುಗರ ಕೈಲೇ ಮಾಡಿಸಿ ನೋಡಬೇಕು, ಮಜಾ ಇದೆ.

ಮೂರು ಸಾಲು ನಮಗೆ ಹೊಸತೂ ಅಲ್ಲ. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು, ತ್ರಿಪದಿ ಆಗಲೇ ಕಲ್ಲಿನ ಮೇಲೆ ಇತ್ತು. ಕಲ್ಲಿನ ಮೇಲೆ ಬರೆಸಿದವರು ಒಬ್ಬರು, ಬೀಸುಕಲ್ಲಿನ ಮುಂದೆ ಹಾಡಿದವರು ಇನ್ನೊಬ್ಬರು. ಹಲಸಂಗಿಯ ಗೆಳೆಯರು ಆ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಹೊರತಂದರು. (ಗರತಿ ಎಂಬ ಹೆಸರಿನ ಬಗ್ಗೆ ನಮಗೆ ಜಗಳವಿದೆ. ಕೂಲಿ ಮಾಡಿ ಬಂದು ಬೀಸಿದವಳಿಗೆ ಆ ಪಟ್ಟ ಯಾರೂ ಕಟ್ಟಲಿಲ್ಲ. ಅದು ಇನ್ನೊಮ್ಮೆ.) ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ನಮ್ಮವ್ವನ ಹಾಡೂ ನಿಂತಿತು. ತೋಳಿನ ನೋವು ಹೋಯಿತು ಎಂದು ಆಕೆ ಸಂತೋಷಪಟ್ಟಳೇ ಹೊರತು ಜಾನಪದ ಸತ್ತಿತು ಎಂದು ಅಳಲಿಲ್ಲ.

ಇನ್ನು ಕಪ್ಪೆಯ ಮಾತು. ಬಾಶೋ ಎಂಬ ಕವಿ 1686ರಲ್ಲಿ ಕೊಳಕ್ಕೆ ಹಾರುವ ಕಪ್ಪೆಯ ಮೇಲೆ ಬರೆದ ಹಾಯ್ಕು ಜಗತ್ತೆಲ್ಲ ಸುತ್ತಿದೆ. ಅದನ್ನು ಮೊದಲು ಓದಿದಾಗ ನಮಗೆ ಬಂದದ್ದು ಸಿಟ್ಟು. ಕಪ್ಪೆಗೆ ಯಾರೂ ಜಾತಿ ಕೇಳಲಿಲ್ಲ, ಹಾರಿತು. ನಮ್ಮ ಜನ ಕೆರೆಯ ನೀರು ಮುಟ್ಟಲು 1927ರ ಮಾರ್ಚ್ 20ರಂದು ಅಂಬೇಡ್ಕರರ ಹಿಂದೆ ಮಹಾಡಿನಲ್ಲಿ ಮೆರವಣಿಗೆ ಹೋಗಬೇಕಾಯಿತು, ಪೆಟ್ಟೂ ತಿನ್ನಬೇಕಾಯಿತು. ನೀರನ್ನು ಸುಮ್ಮನೆ ನೋಡುತ್ತ ಕೂರುವ ಸುಖ ನೀರು ಸಿಕ್ಕವನಿಗೆ ಮಾತ್ರ. ಈ ಮಾತನ್ನು ನಾವು ಇವತ್ತಿಗೂ ಹಿಂತೆಗೆದುಕೊಂಡಿಲ್ಲ.

ಹಾಗಿದ್ದೂ ನಮ್ಮನ್ನು ಹಾಯ್ಕುವಿಗೆ ಎಳೆದದ್ದು ಕೊಬಾಯಾಶಿ ಇಸ್ಸಾ. 1763ರಲ್ಲಿ ಗುಡ್ಡಗಾಡಿನ ಕಾಶಿವಾಬಾರಾ ಎಂಬ ಊರಲ್ಲಿ ರೈತರ ಮನೆಯಲ್ಲಿ ಹುಟ್ಟಿದವನು. ಕೂಸಾಗಿದ್ದಾಗಲೇ ತಾಯಿ ಸತ್ತಳು. ಹದಿಹರೆಯದಲ್ಲಿ ದುಡಿಯಲು ಎದೋ ಪಟ್ಟಣಕ್ಕೆ, ಅಂದರೆ ಇಂದಿನ ಟೋಕಿಯೋಗೆ ಹೋದ, ಅದೂ ಗುಳೆಯೇ. ಅಪ್ಪನ ಆಸ್ತಿಗಾಗಿ ಮಲತಾಯಿಯ ಜೊತೆ ವರ್ಷಗಟ್ಟಲೆ ವ್ಯಾಜ್ಯ ಮಾಡಿದ. ಮೊದಲ ಹೆಂಡತಿಯ ನಾಲ್ಕೂ ಮಕ್ಕಳು ಕೂಸಾಗಿದ್ದಾಗಲೇ ತೀರಿಕೊಂಡವು. 1827ರಲ್ಲಿ ಮನೆ ಸುಟ್ಟು, ಉಳಿದ ಉಗ್ರಾಣದ ಕೋಣೆಯಲ್ಲಿ ಪ್ರಾಣ ಬಿಟ್ಟ. ಇಂಥವನು ಸುಮಾರು 20,000 ಹಾಯ್ಕು ಬರೆದ. ನೊಣ, ಹೇನು, ಚಿಗಟ, ಬಸವನಹುಳು ಯಾವುದನ್ನೂ ಬಿಡಲಿಲ್ಲ. ಸತ್ತ ದನದ ತೊಗಲು ಸುಲಿಯುವವರನ್ನು ಅಲ್ಲಿಯ ಸಮಾಜ 'ಎತಾ' ಎಂದು ಕರೆದು ಊರ ಹೊರಗಿಟ್ಟಿತ್ತು. ಅವರ ಕೇರಿಯೂ ಇಸ್ಸಾನ ಹಾಯ್ಕುಗಳಲ್ಲಿ ಬರುತ್ತದೆ. ಜಪಾನಿನಲ್ಲೂ ಹೊಲಗೇರಿ ಇತ್ತು ಎಂದು ನಮಗೆ ಕವಿತೆಯಿಂದ ತಿಳಿಯಬೇಕಾಯಿತು, ಪಠ್ಯಪುಸ್ತಕ ಹೇಳಲಿಲ್ಲ. 1871ರಲ್ಲಿ ಸರ್ಕಾರ ಆ ಹೆಸರನ್ನು ಕಾಗದದ ಮೇಲೆ ರದ್ದು ಮಾಡಿತು. ಆ ಜನ ತಾವೇ ಎದ್ದು 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ 'ಸುಯ್‌ಹೇಯ್‌ಶಾ' ಕಟ್ಟಿದರು. ಸಮತೆಯ ಸಂಘ ಎನ್ನಬಹುದು. ಮಹಾಡಿಗಿಂತ ಐದು ವರ್ಷ ಮೊದಲು.

ಇಸ್ಸಾ ಕೇರಿಯನ್ನು ಹೊರಗಿನಿಂದ ಕಂಡವನು, ಅದು ಸರಿ. ಒಳಗಿನಿಂದ ಬರೆದರೆ ಏನಾಗುತ್ತದೆ? ನಾವು ಬರೆದು ನೋಡಿದೆವು. ಹಾಯ್ಕುವಿನಲ್ಲಿ ಋತುವನ್ನು ಸೂಚಿಸುವ ಒಂದು ಶಬ್ದ ಇರಬೇಕು ಎಂಬುದು ಅವರ ಸಂಪ್ರದಾಯ. ನಮಗೇನು ಕೊರತೆ? ರೋಹಿಣಿ, ಮಿರಗ, ಆರಿದ್ರ, ಹುಬ್ಬಿ, ಉತ್ತರಿ, ಚಿತ್ತಿ, ಸ್ವಾತಿ, ಒಂದೊಂದು ಮಳೆಗೂ ಹೆಸರಿದೆ. ಆದರೆ ಹೊಲವಿಲ್ಲದವನ ಋತು ಬೇರೆ. ನಮ್ಮ ಕೇರಿಗೆ ಸುಗ್ಗಿ ಎಂದರೆ ಬೇರೆಯವರ ಕಣದಲ್ಲಿ ಕೂಲಿ. ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರು, ಬೆಂಗಳೂರು. ಬೀಗ ಬಿದ್ದ ಬಾಗಿಲುಗಳನ್ನು ಎಣಿಸಿದರೆ ತಿಂಗಳು ಯಾವುದೆಂದು ಹೇಳಬಹುದು. ನಾವು ಬರೆದದ್ದು ಇದು:

ಬೀಗದ ಬಾಗ್ಲು
ಕಟ್ಟಿಯ ಮ್ಯಾಲೆ ಗುಬ್ಬಿ
ಜೋಳ ಹುಡುಕಿ

ನಗರವೊಂದರ ಕವಿಗೋಷ್ಠಿಯಲ್ಲಿ ಓದಿದೆವು. ನಿಸರ್ಗದ ಚೆಂದದ ಚಿತ್ರ ಎಂದು ಚಪ್ಪಾಳೆ ಬಿತ್ತು. ನಾಚಿಕೆಯಾಯಿತು, ಸಿಟ್ಟೂ ಬಂತು. ಗೆಳೆಯ ಅಂದ: "ನೋಡಿದ್ಯಾ? ಗುಳೆ ಅಂತ ಒಂದ ಶಬ್ದ ಬರದಿದ್ರ ಹಿಂಗ ಆಕ್ಕಿತ್ತೇನು? ಹೊಟ್ಟಿಗೆ ಹೊಡದವನ ಹೆಸರ ಹೇಳದ ಕವಿತಾ ಯಾರ ಪರ?" ಬಹಳ ದಿನ ನಮಗೆ ಉತ್ತರ ಹೊಳೆಯಲಿಲ್ಲ. ಈಗಲೂ ಅರ್ಧ ಉತ್ತರವೇ.

ನಮ್ಮವರ ಬಾಯನ್ನು ಸಾವಿರಾರು ವರ್ಷ ಮುಚ್ಚಿಸಿದರು. ಆ ಮೌನ ನಮ್ಮದಲ್ಲ. ಬಾಯಿ ಬಿಟ್ಟ ಮೇಲೆ ಇನ್ನೊಂದು ಕಾಟ ಶುರುವಾಯಿತು: ನಿಮ್ಮ ನೋವನ್ನು ವಿವರಿಸಿ, ಸಾಕ್ಷಿ ಕೊಡಿ, ಇನ್ನೂ ಬಿಡಿಸಿ ಹೇಳಿ. ವಿದ್ಯಾರ್ಥಿವೇತನದ ಅರ್ಜಿಯಿಂದ ಹಿಡಿದು ಕವನ ಸಂಕಲನದವರೆಗೆ ನಾವು ವಿವರಣೆ ಬರೆಯುತ್ತಲೇ ಇದ್ದೇವೆ. ಹಾಯ್ಕು ಬರೆಯುವಾಗ ನಮಗೆ ಸಿಕ್ಕ ಸುಖ ಇದರಿಂದ ಬಿಡುಗಡೆಯ ಸುಖ. ಹೇಳುವುದು ಎಷ್ಟು, ಬಿಡುವುದು ಎಷ್ಟು, ನಾವೇ ತೀರ್ಮಾನಿಸುತ್ತೇವೆ. ಬೀಗ ಯಾಕೆ ಬಿತ್ತೆಂದು ನಮ್ಮ ಕೇರಿಗೆ ಹೇಳಬೇಕಾಗಿಲ್ಲ. ಈ ಒಂದು ಸಲ ಅಡಿಟಿಪ್ಪಣಿ ಬೇಕಾದವರು ಅವರು. ಕೊಲೆ, ಬಹಿಷ್ಕಾರ, ಅತ್ಯಾಚಾರ ನಡೆದ ದಿನ ಮೂರು ಸಾಲಿನ ಹಿಂದೆ ಅಡಗಿ ಕೂತರೆ ಮಾತ್ರ ಅದು ಹೇಡಿತನ. ಆ ದಿನ ಕರಪತ್ರ ಬೇಕು, ಹೆಸರು ಬೇಕು, ಠಾಣೆಯ ಮುಂದೆ ಕೂರುವ ಜನ ಬೇಕು. ಅದನ್ನು ನಾವು ಬಿಟ್ಟಿಲ್ಲ.

ಹಾಯ್ಕು ಹಲ್ಲಿಲ್ಲದ ಪ್ರಾಣಿ ಎನ್ನುವವರಿಗೂ ಒಂದು ಮಾತು. 1940ರಲ್ಲಿ ಜಪಾನಿನ ಪೊಲೀಸರು 'ಕ್ಯೋಟೋ ವಿಶ್ವವಿದ್ಯಾಲಯ ಹಾಯ್ಕು' ಎಂಬ ಪತ್ರಿಕೆಯ ಕವಿಗಳನ್ನು ಬಂಧಿಸಿದರು. ಯುದ್ಧದ ಬಗ್ಗೆ ಹದಿನೇಳು ಎಣಿಕೆಯಲ್ಲಿ ಬರೆದದ್ದೂ ಅವರಿಗೆ ಅಪರಾಧ. ನಮ್ಮದರಂಥದೇ ಒಂದು ಸಣ್ಣ ಪತ್ರಿಕೆ.

ಊರಿಗೆ ಬಂದು ಆ ಹಾಯ್ಕುವನ್ನು ನಮ್ಮವ್ವನಿಗೆ ಓದಿ ಹೇಳಿದೆವು. ಆಕೆಗೆ ಅಕ್ಷರ ಬಾರದು. ಕಾಳು ಹಸನು ಮಾಡುತ್ತ ಕೇಳಿದಳು. "ಇಷ್ಟನ?" ಅಂದಳು. ಇಷ್ಟ ಅಂದೆವು. ಸ್ವಲ್ಪ ಹೊತ್ತು ಮೊರ ನಿಂತಿತು.

"ಕಟ್ಟಿ ಮ್ಯಾಲೆ ಜ್ವಾಳ ಎಲ್ಲಿಂದ ಬರಬೇಕೋ? ಹೋಗೂ ಮುಂದ ಒಂದ ಕಾಳ ಬಿಡದಂಗ ಬಳಕೊಂಡ ಹೋಗಿರ್ತಾರ."

ಅದಕ್ಕೇ ಅದು ಇನ್ನೂ ಹುಡುಕತೈತಿ ಅಂದೆವು.

"ಹಂಗಾರ ಖರೆ," ಅಂದು ಮತ್ತೆ ಮೊರ ಎತ್ತಿದಳು.