ತುಕ್ಕು, ಬಣ್ಣ ಮತ್ತು ನೆನಪು

ಹವ್ಯಾಸಕ್ಕೆ ಕಾರಣ ಕೇಳಬಾರದೆಂದು ಹೇಳುತ್ತಾರೆ. ಅಂಚೆಚೀಟಿ ಕೂಡಿಸುವವರನ್ನಾಗಲಿ, ಒಂದು ಹಳೆಯ ನಾಣ್ಯಕ್ಕಾಗಿ ಸಂತೆಯಿಂದ ಸಂತೆಗೆ ಅಲೆಯುವವರನ್ನಾಗಲಿ ನಾವು ಏಕೆಂದು ಕೇಳುವುದಿಲ್ಲ. ಆದರೆ ಒಂದು ಹವ್ಯಾಸದ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇಂಗ್ಲೆಂಡು, ಅಮೆರಿಕಗಳಂಥ ದೇಶಗಳಲ್ಲಿ ಕೆಲವರು ಗುಜರಿಗೆ ಬಿದ್ದ ಹಳೆಯ ಟ್ಯಾಂಕುಗಳನ್ನೂ ಸೈನ್ಯದ ಬೇರೆ ಚೈನ್ ಗಾಡಿಗಳನ್ನೂ ಕೊಂಡು ತರುತ್ತಾರೆ. ರಜೆಯ ದಿನಗಳನ್ನೂ ಉಳಿತಾಯದ ಹಣವನ್ನೂ ಅವುಗಳ ಮೇಲೆ ಸುರಿದು, ವರ್ಷಗಟ್ಟಲೆ ದುಡಿದು, ಮತ್ತೆ ಓಡುವಂತೆ ಮಾಡುತ್ತಾರೆ.

ಈ ಕೆಲಸ ಸುಲಭದ್ದಲ್ಲ. ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟುಗಳನ್ನು ಕಾಯಿಸಿ ಬಿಚ್ಚಬೇಕು. ಚೈನಿನ ಒಂದೊಂದು ಕೊಂಡಿಯನ್ನೂ ಪಕ್ಕದ್ದಕ್ಕೆ ಸೇರಿಸುವುದು ಒಂದು ಪಿನ್ನು. ಓಡಿದಷ್ಟೂ ಪಿನ್ನು ಸವೆಯುತ್ತದೆ, ಅದು ಕೂರುವ ತೂತು ಅಗಲವಾಗುತ್ತದೆ, ಎಲ್ಲವೂ ಕೂಡಿ ಚೈನು ಉದ್ದವಾಗುತ್ತ ಹೋಗುತ್ತದೆ. ಒಂದು ತುದಿಯ ಗಾಲಿಯನ್ನು ಸರಿಸಿ ಚೈನನ್ನು ಬಿಗಿ ಮಾಡುತ್ತಾರೆ. ಅದಕ್ಕೂ ಮೀರಿದರೆ ಒಂದು ಕೊಂಡಿಯನ್ನೇ ತೆಗೆದುಹಾಕುತ್ತಾರೆ. ಬಣ್ಣವನ್ನು ಪದರ ಪದರವಾಗಿ ಕೆರೆದು, ಎಲ್ಲಕ್ಕಿಂತ ಕೆಳಗಿನ ಮೂಲ ಬಣ್ಣವನ್ನೂ ಗಾಡಿಯ ಸಂಖ್ಯೆಯನ್ನೂ ಹುಡುಕುತ್ತಾರೆ. ಇಷ್ಟು ತಾಳ್ಮೆಯನ್ನು ನಮ್ಮಲ್ಲಿ ಎಷ್ಟು ಜನ ಹೆತ್ತವರ ಮೇಲಾದರೂ ತೋರುತ್ತೇವೆಯೋ ಕಾಣೆ.

ಚಳ್ಳಕೆರೆಯವರಿಗೆ ಈ ತಾಳ್ಮೆ ಅರ್ಥವಾಗದ್ದೇನಲ್ಲ. ಇದು ಶೇಂಗಾ ಎಣ್ಣೆ ಮಿಲ್ಲುಗಳ ಊರು. ಕಾಳನ್ನು ಹಿಂಡಿ ಹಿಂಡಿ ಸವೆದ ತಿರುಪಿಗೆ ವೆಲ್ಡಿಂಗಿನಿಂದ ಮೈ ತುಂಬಿಸಿ, ಉಜ್ಜಿ, ಮತ್ತೆ ಮಿಲ್ಲಿಗೆ ಕೂರಿಸುವ ಕೈಗಳು ಇಲ್ಲಿ ಬೇಕಾದಷ್ಟಿವೆ. ಆದರೆ ಇಲ್ಲಿಯದು ಹೊಟ್ಟೆಪಾಡಿನ ರಿಪೇರಿ. ನಾನು ಹೇಳುತ್ತಿರುವುದು ಪ್ರೀತಿಯ ರಿಪೇರಿ. ತಕರಾರು ಇರುವುದೂ ಅಲ್ಲೇ. ಮನುಷ್ಯರನ್ನು ಕೊಲ್ಲಲೆಂದೇ ಮಾಡಿದ ಯಂತ್ರವನ್ನು ಇಷ್ಟು ಪ್ರೀತಿಯಿಂದ ಒರೆಸಿ ಹೊಳೆಯಿಸುವುದು ಸರಿಯೇ?

ಕಬ್ಬಿಣಕ್ಕೆ ಪಾಪಪುಣ್ಯಗಳಿಲ್ಲ, ಅದು ಬಳಸಿದವನದು ಎಂಬುದು ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರ. ಚೈನಿನ ಚರಿತ್ರೆ ಈ ಮಾತಿಗೆ ಒಂದಷ್ಟು ಬೆಂಬಲ ಕೊಡುತ್ತದೆ. ಚೈನ್ ಗಾಡಿಯ ಬೇರು ಇರುವುದು ರಣರಂಗದಲ್ಲಲ್ಲ, ಹೊಲದಲ್ಲಿ. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಸುತ್ತಿನ ಹಸಿ ಮಣ್ಣಿನಲ್ಲಿ ಚಕ್ರಗಳು ಹೂತುಹೋಗುತ್ತಿದ್ದುದರಿಂದ ಬೆಂಜಮಿನ್ ಹೋಲ್ಟ್ ಎಂಬಾತ 1904ರಲ್ಲಿ ಉಳುವ ಯಂತ್ರಕ್ಕೆ ಚೈನು ತೊಡಿಸಿ ಓಡಿಸಿದ. ಭಾರ ಹರಡಿದರೆ ನೆಲ ತಾಳುತ್ತದೆ ಎಂಬುದಷ್ಟೇ ಅದರ ಗುಟ್ಟು. 36 ಟನ್ನಿನ ಟಿ-55 ಟ್ಯಾಂಕು ನೆಲದ ಒಂದು ಚದರ ಸೆಂಟಿಮೀಟರಿನ ಮೇಲೆ ಹಾಕುವ ಭಾರ ಒಂದು ಕಿಲೋಗಿಂತ ಕಡಿಮೆ. ಮಳೆಗಾಲದಲ್ಲಿ ಎರೆ ಹೊಲದಲ್ಲಿ ಗಾಡಿ ಹೂತು ಎತ್ತುಗಳು ಮೊಣಕಾಲೂರಿದ್ದನ್ನು ಕಂಡ ಯಾರಿಗೂ ಇದರ ಬೆಲೆ ಹೇಳಬೇಕಾಗಿಲ್ಲ. ಹೋಲ್ಟನ ಟ್ರಾಕ್ಟರುಗಳು ಮೊದಲ ಮಹಾಯುದ್ಧದಲ್ಲಿ ಫಿರಂಗಿ ಎಳೆದವು. ಅವನ್ನು ಕಂಡವರ ತಲೆಯಲ್ಲಿ ಟ್ಯಾಂಕಿನ ಕಲ್ಪನೆ ಬೆಳೆಯಿತು. 1916ರ ಸೆಪ್ಟೆಂಬರ್ 15ರಂದು ಸೋಮ್ ರಣರಂಗದಲ್ಲಿ ಬ್ರಿಟಿಷರ ಟ್ಯಾಂಕುಗಳು ಮೊದಲ ಸಲ ಯುದ್ಧಕ್ಕಿಳಿದವು.

ಹೊಲದಿಂದ ಯುದ್ಧಕ್ಕೆ ಹೋದದ್ದು ಹೊಲಕ್ಕೆ ಮರಳಿದ್ದೂ ಉಂಟು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಭಾರತದಲ್ಲಿ ಬಿಟ್ಟುಹೋದ ಚೈನ್ ಟ್ರಾಕ್ಟರುಗಳನ್ನು ರಿಪೇರಿ ಮಾಡಿಕೊಂಡು ನಮ್ಮ ಕೇಂದ್ರ ಟ್ರಾಕ್ಟರ್ ಸಂಸ್ಥೆ ಕೆಲಸ ಶುರುಮಾಡಿತು. ಕಾಸ್ ಎಂಬ ಆಳಬೇರಿನ ಹುಲ್ಲು ಹಬ್ಬಿ ಹಾಳುಬಿದ್ದಿದ್ದ ಮಧ್ಯಭಾರತದ ನೆಲವನ್ನು ಉಳಿಸುವ ಕೆಲಸಕ್ಕೆ ಅವನ್ನೂ ಹಚ್ಚಿತು. ಸೈನ್ಯದ ಚೈನ್ ಗಾಡಿಗಳ ಜೀರ್ಣೋದ್ಧಾರವೆಂದರೆ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಈ ಕೆಲಸ. ಯಾರೂ ಅದನ್ನು ಹವ್ಯಾಸವೆಂದು ಕರೆಯಲಿಲ್ಲ.

ಆದರೂ ಕಬ್ಬಿಣ ನಿರಪರಾಧಿ ಎಂಬ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ನೇಗಿಲನ್ನು ಕೊಲೆಗೆ ಬಳಸಿದರೆ ಅದು ಬಳಸಿದವನ ಪಾಪ ಎನ್ನಬಹುದು. ಫಿರಂಗಿಗೆ ಬೇರೆ ಉಪಯೋಗವೇ ಇಲ್ಲ. ಟ್ಯಾಂಕಿನ ಚೈನು ರೈತನದಾದರೂ ಕೊಳವೆ ರೈತನದಲ್ಲ.

ನಮ್ಮಲ್ಲಿ ಟ್ಯಾಂಕು ಕೊಂಡು ಅಂಗಳದಲ್ಲಿಟ್ಟುಕೊಳ್ಳುವವರಿಲ್ಲ. ನಿವೃತ್ತಿಯಾದವನ್ನು ಸೈನ್ಯವೇ ನಿಶ್ಶಸ್ತ್ರಗೊಳಿಸಿ ಊರುಗಳಿಗೂ ಕಾಲೇಜುಗಳಿಗೂ ಕೊಡುತ್ತದೆ. ಮಡಿಕೇರಿಯ ಜನರಲ್ ತಿಮ್ಮಯ್ಯ ಸ್ಮಾರಕದ ಅಂಗಳದಲ್ಲಿ ಅಂಥದೊಂದಿದೆ. ಈಗ ಅಹಿಲ್ಯಾನಗರವಾಗಿರುವ ಅಹಮದ್‌ನಗರದಲ್ಲಿ 1994ರಲ್ಲಿ ಟ್ಯಾಂಕುಗಳದೇ ಮ್ಯೂಸಿಯಂ ತೆರೆಯಿತು. ಸಾಮಾನ್ಯವಾಗಿ ಕಟ್ಟೆ ಕಟ್ಟಿ, ಮೇಲೆ ಟ್ಯಾಂಕು ಕೂರಿಸಿ, ಹಸಿರು ಬಣ್ಣ ಹೊಡೆದು, ಹಬ್ಬದ ದಿನ ಹಾರ ಹಾಕುತ್ತಾರೆ. ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಯಾವ ಯುದ್ಧ ಕಂಡಿತು, ಒಳಗೆ ಯಾರಿದ್ದರು, ಎದುರಿಗೆ ಯಾರಿದ್ದರು ಎಂಬುದು ಎಷ್ಟೋ ಕಡೆ ಬರೆದಿರುವುದೇ ಇಲ್ಲ.

ಮೊಳಕಾಲ್ಮುರು ಕಡೆಯ ಒಬ್ಬರು ಹಿರಿಯರು ನನಗೆ ಪರಿಚಯ. ಸೈನ್ಯದ ಕಾರ್ಯಾಗಾರವೊಂದರಲ್ಲಿ ಟ್ಯಾಂಕು ರಿಪೇರಿ ಮಾಡಿ ನಿವೃತ್ತರಾಗಿ ಊರಿಗೆ ಬಂದು ಟ್ರಾಕ್ಟರ್ ಟ್ರೈಲರುಗಳಿಗೆ ವೆಲ್ಡಿಂಗ್ ಮಾಡಿಕೊಂಡಿದ್ದವರು. ಅವರ ಬಳಿ ಈ ತಕರಾರನ್ನು ತೆಗೆದಾಗ ಅವರು ನೀತಿಯ ಮಾತಾಡಲಿಲ್ಲ, ಕೆಲಸದ ಮಾತಾಡಿದರು. ಕಾರ್ಯಾಗಾರಕ್ಕೆ ಬಂದ ಟ್ಯಾಂಕನ್ನು ಬರಿಯ ಉಕ್ಕಿನ ಒಡಲು ಉಳಿಯುವವರೆಗೆ ಬಿಚ್ಚುತ್ತಾರಂತೆ. ಬಿಚ್ಚಿದ್ದಕ್ಕೆಲ್ಲ ಪಟ್ಟಿಯುಂಟು. ಆದರೆ ಡ್ರೈವರು ಕೂರುವ ಜಾಗದ ಹತ್ತಿರ ಯಾವುದಾದರೊಂದು ದೇವರ ಪಟ ಅಂಟಿಸಿರುತ್ತಿತ್ತಂತೆ. ಕೆಲವಕ್ಕೆ ಕುಂಕುಮ ಇಟ್ಟಿರುತ್ತಿತ್ತು, ಕೆಲವು ಹೊಗೆಗೆ ಕಪ್ಪಾಗಿರುತ್ತಿದ್ದವು. ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಬಣ್ಣ ಹೊಡೆಯುವ ಮುಂಚೆ ಕೆರೆದು ಹಾಕಬೇಕು. ಇವರು ಬಿಡಿಸಲು ಬಂದಷ್ಟನ್ನು ಬಿಡಿಸಿ ಒಂದು ಡಬ್ಬಿಯಲ್ಲಿಟ್ಟು, ಗಾಡಿ ಮತ್ತೆ ಜೋಡಣೆಯಾದಾಗ ಅದೇ ಜಾಗದಲ್ಲಿ ಅಂಟಿಸುತ್ತಿದ್ದರಂತೆ.

"ಅದು ಯಾರ ದೇವರೋ ಏನೋ, ಮೇಷ್ಟ್ರೇ. ಪಟ್ಟಿನಾಗೆ ಬರ್ದಿಲ್ಲ ಅಂತ ಎಸೆಯಾಕಾಗ್ತೈತಾ?" ಎಂದರು.

ನನ್ನ ಪ್ರಶ್ನೆಗೆ ನೇರ ಉತ್ತರವಾಗಿರದಿದ್ದರೂ ಈ ಮಾತು ದಾರಿ ತೋರಿಸಿತು. ಆ ಪಟ ಟ್ಯಾಂಕನ್ನು ಓಡಿಸುವುದಿಲ್ಲ, ಗುರಿಯಿಡಲು ನೆರವಾಗುವುದಿಲ್ಲ. ಅಲ್ಲೊಬ್ಬ ಮನುಷ್ಯ ಕೂತಿದ್ದ, ಅವನಿಗೆ ಭಯವಾಗಿತ್ತು ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಅದನ್ನು ಕೆರೆದರೆ ಯಂತ್ರ ಹೊಸದಾಗುತ್ತದೆ, ಸಾಕ್ಷಿ ಹೋಗುತ್ತದೆ. ಆಯುಧಪೂಜೆಯ ದಿನ ನಮ್ಮ ಮಿಲ್ಲುಗಳಲ್ಲಿ, ಮೊಳಕಾಲ್ಮುರಿನ ಸೀರೆಯ ಮಗ್ಗಗಳಲ್ಲಿ ನಡೆಯುವುದನ್ನು ನೋಡಿ. ತೊಳೆದು ಒರೆಸಿದ ಮೇಲೂ ಉಳಿದ ಎಣ್ಣೆಯ ಕಲೆಯ ಮೇಲೇ ಕುಂಕುಮ ಬೀಳುತ್ತದೆ. ದುಡಿದ ಗುರುತನ್ನು ಅಳಿಸಿ ಪೂಜೆ ಮಾಡುವ ಪದ್ಧತಿ ನಮ್ಮದಲ್ಲ.

ಯುದ್ಧದ ವಾಹನಗಳನ್ನು ಕಾಪಾಡಿಕೊಂಡು ಬಂದ ಅನುಭವವೂ ಈ ನೆಲಕ್ಕೆ ಹೊಸದಲ್ಲ. ಫಿರಂಗಿ ಎಳೆಯುವ ಟ್ರಾಕ್ಟರಿಗೆ ಬಹಳ ಮುಂಚೆ ಫಿರಂಗಿ ಎಳೆದದ್ದು ಎತ್ತು. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳು ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಬೆನ್ನೆಲುಬಾದವು. ಅಮೃತ ಮಹಲ್ ಎಂಬ ಹೆಸರಿಟ್ಟವನು ಟಿಪ್ಪು. 1799ರ ನಂತರ ಅವು ಬ್ರಿಟಿಷರ ಪಾಲಾದವು. 1860ರಲ್ಲಿ ಖರ್ಚು ಉಳಿಸಲೆಂದು ಮಂದೆಗಳನ್ನು ಮಾರಿಬಿಟ್ಟರು. ಅಂಥ ಎತ್ತುಗಳು ಬೇರೆಲ್ಲೂ ಸಿಗದೆ 1866ರಲ್ಲಿ ಮತ್ತೆ ಮಂದೆ ಕಟ್ಟಿದರು. ಇದೂ ಒಂದು ಜೀರ್ಣೋದ್ಧಾರವೇ. ಆದರೆ ಕಬ್ಬಿಣಕ್ಕೆ ಗೋದಾಮು ಸಾಕು, ಎತ್ತಿಗೆ ಕಾವಲು ಬೇಕು. ಚಳ್ಳಕೆರೆ ತಾಲೂಕಿನ ಹುಲ್ಲುಗಾವಲುಗಳಿಗೆ ಅಮೃತ ಮಹಲ್ ಕಾವಲು ಎಂಬ ಹೆಸರು ಬಂದದ್ದು ಹೀಗೆ. ಇದೇ ಸೀಮೆಯ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವಕ್ಕೆ ನೊಗವಿಲ್ಲ, ಮಾರಾಟವಿಲ್ಲ. ನೋಡಿಕೊಳ್ಳಲು ಕಿಲಾರಿಗಳಿದ್ದಾರೆ. ಲಾಭವಿಲ್ಲದ್ದನ್ನು ನೆನಪಿಗಾಗಿ, ಭಕ್ತಿಗಾಗಿ ಕಾಪಾಡುವುದು ಹುಚ್ಚೆಂದು ನಾನು ಹೇಳಲಾರೆ. ಬರಗಾಲದಲ್ಲೂ ಮೇವು ಹೊಂಚಿ ಆ ಎತ್ತುಗಳನ್ನು ಉಳಿಸುವವರ ನಡುವೆ ಬದುಕಿದವನು ಹಾಗೆ ಹೇಳಬಾರದು.

ಕಾವಲಿನ ಸಾವಿರಾರು ಎಕರೆ ಈಗ ಸರ್ಕಾರಿ ಸಂಸ್ಥೆಗಳ ಬೇಲಿಯೊಳಗಿದೆ. ಕುರಿ ದನ ಮೇಯಿಸುತ್ತಿದ್ದ ಹಳ್ಳಿಗಳವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2017ರಲ್ಲಿ ಅಲ್ಲಿ ಡಿಆರ್‌ಡಿಓದ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ಚಾಲಕನಿಲ್ಲದ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. 2019ರ ಸೆಪ್ಟೆಂಬರಿನಲ್ಲಿ ಅಂಥದೊಂದು ಜೋಡಿಚಿಕ್ಕೇನಹಳ್ಳಿಯ ಬಳಿ ಹೊಲಕ್ಕೆ ಬಿತ್ತು. ಜನ ನೆರೆದು ನೋಡಿದರು, ಯಾರಿಗೂ ಪೆಟ್ಟಾಗಲಿಲ್ಲ. ದೇಶಕ್ಕೆ ರಕ್ಷಣೆ ಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಯಂತ್ರದಲ್ಲಿ ಕೂರುವ ಜಾಗವೇ ಇಲ್ಲ. ಎಂಬತ್ತು ವರ್ಷದ ನಂತರ ಯಾರಾದರೂ ಅದನ್ನು ಪ್ರೀತಿಯಿಂದ ಕೆರೆದು ನೋಡಿದರೆ ಬಣ್ಣದ ಕೆಳಗೆ ದೇವರ ಪಟ ಸಿಗುವುದಿಲ್ಲ.

ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದದ್ದು. ತಂದೆತಾಯಿಗಳ ಮಾತು ಕೇಳಿ, ಜೀವಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ ಎಂಬುದು ಅದರ ಸಾರ. ಕೊನೆಯಲ್ಲಿ ಬರೆದವನು ಚಪಡ ಎಂದು ಅವನ ಹೆಸರಿದೆ. ಚಕ್ರವರ್ತಿಯ ಮಾತಿನ ಜೊತೆಗೆ ಕೂಲಿಕಾರನ ಹೆಸರೂ ಉಳಿದದ್ದು ನನಗೆ ಸಂತೋಷದ ಸಂಗತಿ. ಇದೇ ಅಶೋಕ ಕಳಿಂಗ ಯುದ್ಧದ ಸಾವುನೋವಿಗೆ ಪಶ್ಚಾತ್ತಾಪಪಟ್ಟ ಮಾತುಗಳು ದೂರದ ಬಂಡೆಗಳ ಮೇಲಿವೆ. ಕಳಿಂಗದಲ್ಲೇ ಇರುವ ಧೌಲಿ, ಜೌಗಡಗಳ ಬಂಡೆಗಳ ಮೇಲೆ ಆ ಶಾಸನವನ್ನು ಕೆತ್ತಿಸಲಿಲ್ಲ. ಯಾರಿಗೆ ಹೇಳಬೇಕೋ ಅವರಿಗೇ ಹೇಳದೆ ಉಳಿಸುವುದು ದೊಡ್ಡವರಿಗೂ ಸುಲಭವಾದ ದಾರಿ. ಹಸಿರು ಬಣ್ಣ ಹೊಡೆದು ಕಟ್ಟೆಯ ಮೇಲೆ ಕೂರಿಸುವುದೂ ಅಂಥದೇ ಕೆಲಸವಾಗಬಹುದು.

ಇಂಗ್ಲೆಂಡಿನ ಬೋವಿಂಗ್‌ಟನ್ ಮ್ಯೂಸಿಯಂನಲ್ಲಿ ಟೈಗರ್ 131 ಎಂಬ ಜರ್ಮನ್ ಟ್ಯಾಂಕಿದೆ. 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯದಲ್ಲಿ ಬ್ರಿಟಿಷರಿಗೆ ಸಿಕ್ಕಿದ್ದು. ಈ ಶತಮಾನದ ಆರಂಭದಲ್ಲಿ ಅದನ್ನು ಓಡುವಂತೆ ಮಾಡಿದರು. ಆದರೆ ಅಂದು ಬಿದ್ದ ಗುಂಡುಗಳ ಗುರುತುಗಳನ್ನು ಮುಚ್ಚಲಿಲ್ಲ. ಅದನ್ನು ನೋಡಿದವರಿಗೆ ಇಂಜಿನಿನ ಸದ್ದಿನ ಜೊತೆಗೆ ಆ ಗುರುತೂ ಕಾಣುತ್ತದೆ. ಹವ್ಯಾಸಿಗಳ ಮೇಲೆ ನನಗಿದ್ದ ತಕರಾರು ಅಲ್ಲಿಗೆ ಬಹುಮಟ್ಟಿಗೆ ಕರಗಿತು. ಯಂತ್ರವನ್ನು ಪ್ರೀತಿಸುವವರು ಅದು ಮಾಡಿದ್ದನ್ನೂ ಅದಕ್ಕೆ ಆದದ್ದನ್ನೂ ಜೊತೆಗೇ ಉಳಿಸುವುದಾದರೆ ಅವರು ಯುದ್ಧವನ್ನು ಹೊಗಳುತ್ತಿದ್ದಾರೆಂದು ಹೇಳಲಾಗದು.

ನಮ್ಮ ಕಡೆಯ ಯಾವುದಾದರೂ ಊರಿಗೆ ಮುಂದೆ ಒಂದು ಟ್ಯಾಂಕು ಬಂದರೆ ಅದಕ್ಕೆ ಎತ್ತರದ ಕಟ್ಟೆ ಕಟ್ಟುವುದು ಬೇಡ. ನೆಲದ ಮೇಲೇ ಇಡಲಿ. ರೈತರು ಚೈನಿನ ಅಗಲವನ್ನು ಗೇಣಿನಿಂದ ಅಳೆದು ನೋಡಲಿ, ಮಕ್ಕಳು ಗುಂಡು ತಾಗಿದಲ್ಲಿ ಬೆರಳಿಟ್ಟು ಇದೇನೆಂದು ಕೇಳಲಿ. ಬಣ್ಣ ಹೊಡೆಯುವವರಿಗೆ ಡ್ರೈವರಿನ ಜಾಗವೊಂದನ್ನು ಹಾಗೇ ಬಿಡುವಂತೆ ಹೇಳಿದರೆ ಸಾಕು.