ಬಯಕೆ ಯಾರದು?

ಕಳೆದ ತಿಂಗಳು ಅಂದೋಲಾದ ನಮ್ಮ ಮನೆಯಲ್ಲಿ ನೆಗೆಣ್ಣಿಯ ಮಗಳಿಗೆ ಕುಬಸ ಮಾಡಿದೆವು. ಹಸಿರು ಸೀರೆ, ಹಸಿರು ಬಳೆ, ಮುಂದೆ ಶೇಂಗಾ ಹೋಳಿಗೆ. "ಬೇಕಾದ್ದು ತಿನ್ನವ್ವಾ" ಎಂದು ಎಲ್ಲರೂ ತುತ್ತಿಟ್ಟರು. ಆ ಗದ್ದಲದಲ್ಲಿ ನನಗೆ ಅವಳ ತಾಯಿಯ ಮುಖ ನೋಡಲಾಗಲಿಲ್ಲ.

ಇಪ್ಪತ್ತೈದು ವರ್ಷಗಳ ಹಿಂದೆ ಇದೇ ಮಗಳು ಹೊಟ್ಟೆಯಲ್ಲಿದ್ದಳು. ಗಂಡಸರ ಊಟ ಇನ್ನೂ ಆಗಿರಲಿಲ್ಲ. ನೆಗೆಣ್ಣಿ ಒಲೆಯ ಮರೆಯಲ್ಲಿ ಕೂತು ರೊಟ್ಟಿಯ ಮೇಲೆ ಉಪ್ಪು ಉದುರಿಸಿ ತಿನ್ನುತ್ತಿದ್ದಳು. "ಬಾಯಿ ಕಟ್ಟಾಕ ಬರಂಗಿಲ್ಲೇನು?" ಅಂದುಬಿಟ್ಟೆ. ಬಿ.ಎ., ಬಿ.ಎಡ್. ಓದಿದವಳು ನಾನು! ಅವಳು ಮರುಮಾತಾಡದೆ ಅರ್ಧ ರೊಟ್ಟಿಯನ್ನು ಬುಟ್ಟಿಗೆ ಮರಳಿ ಇಟ್ಟಳು.

ಮಾಗಿದ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣವಿದೆಯಲ್ಲ, ಅದನ್ನು ವಿಜ್ಞಾನಿಗಳು ಡ್ರೊಸೊಫಿಲಾ ಎನ್ನುತ್ತಾರೆ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೂ ದಶಕಗಳಿಂದ ಅದರ ಅಧ್ಯಯನ ನಡೆದಿದೆ. ಗಂಡಿನೊಡನೆ ಕೂಡಿದ ಮೇಲೆ ಹೆಣ್ಣು ನೊಣದ ರುಚಿಯೇ ಬದಲಾಗುತ್ತದೆ. ಪ್ರೋಟೀನು ತುಂಬಿದ ಯೀಸ್ಟ್ ಹೆಚ್ಚು ಬೇಕು, ಉಪ್ಪೂ ಹೆಚ್ಚು ಬೇಕು. ಗಂಡಿನ ವೀರ್ಯದ ಜೊತೆ ಬರುವ ಒಂದು ಪುಟ್ಟ ಪ್ರೋಟೀನು ಹೆಣ್ಣಿನ ನರಗಳಿಗೆ ಸುದ್ದಿ ಮುಟ್ಟಿಸಿ ಯೀಸ್ಟಿನ ಬಯಕೆ ಹುಟ್ಟಿಸುತ್ತದೆ ಎಂದು 2010ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. 2015ರ ಅಧ್ಯಯನವೊಂದರಲ್ಲಿ ಮೊಟ್ಟೆ ಕಟ್ಟಲಾರದ ನೊಣಗಳಿಗೂ ಉಪ್ಪಿನ ಬಯಕೆ ಬಂತು. ಅಂದರೆ, ಬರಲಿರುವ ಖರ್ಚಿಗೆ ಒಡಲು ಮುಂಚೆಯೇ ಕೂಡಿಡಲು ಹೊರಡುತ್ತದೆ.

ಬಸುರಿಯ ಬಯಕೆಗೂ ಇದೇ ಕಾರಣ ಎನ್ನಲಾರೆ. ನೊಣದ ಮೈ ಬೇರೆ, ನಮ್ಮದು ಬೇರೆ. ಆದರೆ ಆ ನೊಣಕ್ಕೆ ಯಾರೂ ಬಾಯಿಚಪಲ ಎನ್ನುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ. ಕುಬಸದ ಒಂದು ದಿನ ತುತ್ತಿಟ್ಟು, ಉಳಿದ ದಿನವೆಲ್ಲ ಕೊನೆಗೆ ಉಣ್ಣು ಎನ್ನುವುದು ಯಾವ ನ್ಯಾಯ?

ಇನ್ನೊಂದು ಮಾತೂ ನನ್ನನ್ನು ಕಾಡುತ್ತದೆ. "ಹೊಟ್ಟ್ಯಾಗಿನ ಕೂಸಿಗೆ ಬೇಕು" ಎಂದರೆ ನಾವು ಕೊಡುತ್ತೇವೆ. "ನನಗ ಹಸಿವಾಗ್ಯದ" ಎಂದರೆ? ಕೂಸಿನ ನೆಪವಿಲ್ಲದೆಯೂ ಹೆಣ್ಣಿನ ಹಸಿವು ಹಸಿವೇ ಅಲ್ಲವೆ?

ಅಂದು ಆರತಿ ಮುಗಿದ ಮೇಲೆ ನೆಗೆಣ್ಣಿ ಎಂದಿನಂತೆ ಬಡಿಸಲು ನಿಂತಳು. ಅವಳ ಕೈಯ ಬುಟ್ಟಿ ಇಸಕೊಂಡು, "ನೀ ಮೊದಲ ಕೂಡು" ಅಂದೆ.

"ನನಗೇನು ಬಯಕಿನ, ಅಕ್ಕಾ?" ಎಂದು ನಕ್ಕಳು.

"ಹಸಿವರೆ ಆಗ್ಯದಲ್ಲ."

ಅವಳು ಕೂತು ಉಂಡಳು. ಹಳೆಯ ಮಾತು ಅವಳಿಗೆ ನೆನಪಿದೆಯೇ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.